ಆರು ದಿನದ ಸೆರೆಮನೆ

ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೆಳೆದವರಿಗೆ ಸಮವಸ್ತ್ರವು ಹೊಸದಲ್ಲ. ೧೮೦೯ರಲ್ಲಿ ಬ್ರಿಟಿಷರು ಇಲ್ಲಿ ಸೇನಾನೆಲೆಯನ್ನು ಹೂಡಿದಂದಿನಿಂದ ಈ ಭಾಗಕ್ಕೂ ಸಿಪಾಯಿಗಳಿಗೂ ನಂಟು ಬಿಟ್ಟಿಲ್ಲ. ಹಲಸೂರು ಕೆರೆಯ ಬಳಿ ಮದರಾಸು ಇಂಜಿನಿಯರ್ ಪಡೆಯ ಕೇಂದ್ರ ಇಂದಿಗೂ ಇದೆ. ಹಳ್ಳಿಯಿಂದ ಬಂದ ಹುಡುಗನು ಕೆಲವು ತಿಂಗಳ ಶಿಕ್ಷಣದ ಬಳಿಕ ನಡಿಗೆಯಲ್ಲಿ, ನಿಲುವಿನಲ್ಲಿ, ಮಾತಿನಲ್ಲಿ ಬೇರೆಯೇ ಮನುಷ್ಯನಾಗಿ ಹೊರಬರುವುದನ್ನು ಕಂಡವರು, ತೊಟ್ಟ ಬಟ್ಟೆಯೇ ಮನುಷ್ಯನನ್ನು ಬದಲಿಸುತ್ತದೆ ಎಂದು ಹೇಳುವುದುಂಟು. ಈ ಮಾತು ಎಷ್ಟರ ಮಟ್ಟಿಗೆ ನಿಜ? ಶಾಂತ ಸ್ವಭಾವದ ವಿದ್ಯಾರ್ಥಿಯೊಬ್ಬನಿಗೆ ಖಾಕಿ ಅಂಗಿಯನ್ನು ತೊಡಿಸಿ, ಕೈಗೊಂದು ಲಾಠಿಯನ್ನು ಕೊಟ್ಟು, ಇನ್ನೊಬ್ಬ ವಿದ್ಯಾರ್ಥಿಯನ್ನು ಅವನ ವಶಕ್ಕೆ ಒಪ್ಪಿಸಿದರೆ ಅವನು ಕ್ರೂರಿಯಾಗುವನೇ?

ಈ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಜಗತ್ತು ಬಹುಕಾಲ ನಂಬಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ೧೯೭೧ರಲ್ಲಿ ನಡೆದ ಒಂದು ಪ್ರಯೋಗವು ಪಠ್ಯಪುಸ್ತಕಗಳನ್ನು ಸೇರಿ, ಕೊನೆಗೆ ಬೆಳ್ಳಿತೆರೆಯನ್ನೂ ಏರಿತು. ಇಂಗ್ಲಿಷ್ ಚಿತ್ರಗಳನ್ನು ನೋಡಲು ಊರಿನವರೆಲ್ಲ ದಂಡಿಗೆ ಬರುತ್ತಿದ್ದ ಕಾಲವೊಂದಿತ್ತು. ಆ ಪ್ಲಾಜಾ, ಲಿಡೋ, ರೆಕ್ಸ್ ಚಿತ್ರಮಂದಿರಗಳು ಈಗ ಇಲ್ಲ; ಲಿಡೋ ನಿಂತಿದ್ದ ಜಾಗದಲ್ಲಿ ದೊಡ್ಡದೊಂದು ಮಾಲ್ ಎದ್ದಿದೆ. ಈಗ ಇಂದಿರಾನಗರದ ಹುಡುಗನೂ ಕೃಷ್ಣರಾಜಪುರದ ಹುಡುಗಿಯೂ ತಮ್ಮ ಕೈಯಲ್ಲಿರುವ ಫೋನಿನಲ್ಲಿಯೇ ಇಂತಹ ಚಿತ್ರವನ್ನು ನೋಡಬಲ್ಲರು. ಆದರೆ “ನಡೆದ ಘಟನೆಯನ್ನು ಆಧರಿಸಿದ್ದು” ಎಂಬ ಸಾಲು ತೆರೆಯ ಮೇಲೆ ಮೂಡಿದೊಡನೆ ನೋಡಿದ್ದನ್ನೆಲ್ಲ ವಿಜ್ಞಾನದ ತೀರ್ಪೆಂದು ಒಪ್ಪಿಕೊಳ್ಳುವ ಸ್ವಭಾವ ಅಂದಿಗೂ ಇಂದಿಗೂ ಒಂದೇ. ಆದುದರಿಂದ ಆ ಪ್ರಯೋಗವನ್ನೂ ಆ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ವಿದ್ಯಾರ್ಥಿಗಳಿಗೆ ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ನೆಲಮಾಳಿಗೆಯ ನಾಟಕ

ಪ್ರಯೋಗವನ್ನು ನಡೆಸಿದವರು ಪ್ರಾಧ್ಯಾಪಕ ಫಿಲಿಪ್ ಜಿಂಬಾರ್ಡೊ. ಸೆರೆಮನೆಯ ಜೀವನವನ್ನು ಕುರಿತ ಮನಶ್ಶಾಸ್ತ್ರದ ಅಧ್ಯಯನಕ್ಕೆ ಕಾಲೇಜು ಯುವಕರು ಬೇಕಾಗಿದ್ದಾರೆಂದೂ ದಿನಕ್ಕೆ ೧೫ ಡಾಲರ್ ಕೊಡಲಾಗುವುದೆಂದೂ ಅವರು ಪತ್ರಿಕೆಯಲ್ಲಿ ಜಾಹೀರಾತು ಹಾಕಿದರು. ೭೦ಕ್ಕೂ ಹೆಚ್ಚು ಮಂದಿ ಮುಂದೆ ಬಂದರು. ದೇಹದಲ್ಲಿಯೂ ಮನಸ್ಸಿನಲ್ಲಿಯೂ ಆರೋಗ್ಯವಂತರೆಂದು ಕಂಡುಬಂದ ೨೪ ಮಂದಿಯನ್ನು ಆರಿಸಿ, ಯಾರು ಕೈದಿ, ಯಾರು ಕಾವಲುಗಾರ ಎಂಬುದನ್ನು ಅದೃಷ್ಟಕ್ಕೆ ಬಿಟ್ಟು ನಿರ್ಧರಿಸಲಾಯಿತು. ಎರಡು ಗುಂಪುಗಳಲ್ಲಿ ಮೊದಲೇ ಭೇದವಿರಬಾರದೆಂಬುದು ಇದರ ಉದ್ದೇಶ. ಇದು ಒಳ್ಳೆಯ ವೈಜ್ಞಾನಿಕ ಕ್ರಮವೇ ಸರಿ.

ಮನಶ್ಶಾಸ್ತ್ರ ವಿಭಾಗದ ಕಟ್ಟಡದ ನೆಲಮಾಳಿಗೆ ಸೆರೆಮನೆಯಾಯಿತು. ಊರಿನ ನಿಜವಾದ ಪೊಲೀಸರೇ “ಕೈದಿ”ಗಳನ್ನು ಅವರವರ ಮನೆಗಳಿಂದ ಹಿಡಿದು ತಂದರು. ಅವರಿಗೆ ನಿಲುವಂಗಿಯನ್ನು ತೊಡಿಸಿ, ಕಾಲಿಗೆ ಸರಪಳಿಯನ್ನು ಹಾಕಿ, ಹೆಸರಿಗೆ ಬದಲಾಗಿ ಒಂದೊಂದು ಅಂಕಿಯನ್ನು ಕೊಟ್ಟರು. ಕಾವಲುಗಾರರಿಗೆ ಖಾಕಿ ಉಡುಪು, ಸಿಳ್ಳೆ, ದೊಣ್ಣೆ, ಮತ್ತು ಎದುರಿನವರಿಗೆ ಕಣ್ಣು ಕಾಣದಂತೆ ಮರೆಮಾಡುವ ಕನ್ನಡಿಯಂತಹ ಕಪ್ಪು ಕನ್ನಡಕ. ಜಿಂಬಾರ್ಡೊ ತಾವೇ ಸೆರೆಮನೆಯ ಸೂಪರಿಂಟೆಂಡೆಂಟರಾದರು. ಅವರ ವಿದ್ಯಾರ್ಥಿಯೊಬ್ಬನು ವಾರ್ಡನ್ ಆದನು.

ಎರಡನೆಯ ದಿನವೇ ಕೈದಿಗಳು ದಂಗೆಯೆದ್ದರು. ಕಾವಲುಗಾರರು ಬೆಂಕಿ ಆರಿಸುವ ಯಂತ್ರಗಳನ್ನು ಅವರ ಮೇಲೆ ತಿರುಗಿಸಿ ದಂಗೆಯನ್ನು ಅಡಗಿಸಿದರು. ನಡುರಾತ್ರಿಯಲ್ಲಿ ಎಬ್ಬಿಸಿ ಸಾಲಾಗಿ ನಿಲ್ಲಿಸಿ ಅಂಕಿಗಳನ್ನು ಕೂಗಿಸುವುದು, ದಂಡ ಹೊಡೆಸುವುದು, ಹಾಸಿಗೆ ಕಸಿಯುವುದು, ಕತ್ತಲ ಗೂಡಿನಲ್ಲಿ ಕೂಡಿಹಾಕುವುದು—ಇವು ನಿತ್ಯದ ಕ್ರಮವಾದವು. ೮೬೧೨ ಎಂಬ ಅಂಕಿಯ ಯುವಕನು ಮೂವತ್ತಾರು ಗಂಟೆಗಳು ಕಳೆಯುವಷ್ಟರಲ್ಲಿ ಚೀರಾಡತೊಡಗಿದ್ದರಿಂದ ಅವನನ್ನು ಬಿಡಬೇಕಾಯಿತು. ಅವನ ಹಿಂದೆ ಇನ್ನೂ ಕೆಲವರು ಹೊರಹೋದರು. ಎರಡು ವಾರ ನಡೆಯಬೇಕಾಗಿದ್ದ ಪ್ರಯೋಗವನ್ನು ಆರನೆಯ ದಿನ ನಿಲ್ಲಿಸಲಾಯಿತು.

ನಿಲ್ಲಿಸಲು ಕಾರಣರಾದವರು ಕ್ರಿಸ್ಟೀನಾ ಮಾಸ್ಲಾಕ್ ಎಂಬ ತರುಣ ಮನಶ್ಶಾಸ್ತ್ರಜ್ಞೆ. ತಲೆಗೆ ಚೀಲ ಹೊದಿಸಿದ ಹುಡುಗರನ್ನು ಸಾಲಾಗಿ ಶೌಚಕ್ಕೆ ನಡೆಸಿಕೊಂಡು ಹೋಗುವುದನ್ನು ಕಂಡು ಅವರು ಸಹಿಸಲಾರದೆ, ಇದು ತಪ್ಪೆಂದು ಜಿಂಬಾರ್ಡೊ ಅವರ ಮುಖಕ್ಕೇ ಹೇಳಿದರು. ಅಲ್ಲಿಗೆ ಬಂದು ನೋಡಿ ಹೋಗಿದ್ದ ಹೊರಗಿನವರು ಸುಮಾರು ಐವತ್ತು ಮಂದಿ. ಆಕ್ಷೇಪವೆತ್ತಿದವರು ಇವರೊಬ್ಬರೇ ಎಂದು ಜಿಂಬಾರ್ಡೊ ಮುಂದೆ ತಾವೇ ಹೇಳಿಕೊಂಡರು. ದುಡಿದು ದುಡಿದು ಮನಸ್ಸು ಬತ್ತಿಹೋಗುವ ಸ್ಥಿತಿಯನ್ನು ಅಳೆಯಲು ಮಾಸ್ಲಾಕ್ ೧೯೮೧ರಲ್ಲಿ ರೂಪಿಸಿದ ಪ್ರಶ್ನಾವಳಿ ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ.

ತೆರೆಯ ಮೇಲೆ

ಈ ಕಥೆಯನ್ನು ಸಿನಿಮಾ ಜಗತ್ತು ಬಿಡುವುದುಂಟೆ? ೨೦೦೧ರಲ್ಲಿ ಜರ್ಮನಿಯಲ್ಲಿ ‘ದಾಸ್ ಎಕ್ಸ್‌ಪೆರಿಮೆಂಟ್’ ಬಂದಿತು. ಅದರಲ್ಲಿ ಕೊಲೆಗಳೂ ನಡೆಯುತ್ತವೆ. ಸ್ಟ್ಯಾನ್‌ಫರ್ಡಿನಲ್ಲಿ ಯಾರೂ ಸತ್ತಿರಲಿಲ್ಲ. ೨೦೧೫ರಲ್ಲಿ ಕೈಲ್ ಪ್ಯಾಟ್ರಿಕ್ ಆಲ್ವಾರೆಸ್ ನಿರ್ದೇಶಿಸಿದ ‘ದಿ ಸ್ಟ್ಯಾನ್‌ಫರ್ಡ್ ಪ್ರಿಸನ್ ಎಕ್ಸ್‌ಪೆರಿಮೆಂಟ್’ ಇದಕ್ಕಿಂತ ಸಂಯಮದ ಚಿತ್ರ. ಬಿಲ್ಲಿ ಕ್ರುಡಪ್ ಜಿಂಬಾರ್ಡೊ ಪಾತ್ರವನ್ನು ವಹಿಸಿದ್ದಾರೆ. ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಚಿತ್ರಕಥೆಗಾಗಿ ಬಹುಮಾನವನ್ನೂ, ವಿಜ್ಞಾನವನ್ನು ವಸ್ತುವಾಗಿ ಉಳ್ಳ ಚಿತ್ರಗಳಿಗೆ ಮೀಸಲಾದ ಸ್ಲೋನ್ ಬಹುಮಾನವನ್ನೂ ಅದು ಪಡೆಯಿತು.

ಇಕ್ಕಟ್ಟಾದ ಓಣಿ, ಮಬ್ಬು ಬೆಳಕು, ಬಾಗಿಲು ಮುಚ್ಚುವ ಸದ್ದು—ಇವುಗಳಿಂದಲೇ ಚಿತ್ರವು ಪ್ರೇಕ್ಷಕನ ಉಸಿರನ್ನು ಹಿಡಿದಿಡುತ್ತದೆ. ಜಿಂಬಾರ್ಡೊ ಅವರನ್ನೂ ಅದು ದೇವರನ್ನಾಗಿ ಮಾಡಿಲ್ಲ. ತನ್ನ ಪಾತ್ರದಲ್ಲಿ ತಾನೇ ಮುಳುಗಿದ ಮನುಷ್ಯನಂತೆ ತೋರಿಸಿದೆ. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಚಿತ್ರದ ಸಲಹೆಗಾರರು ಸ್ವತಃ ಜಿಂಬಾರ್ಡೊ. ೨೦೦೭ರಲ್ಲಿ ಪ್ರಕಟವಾದ ಅವರ ‘ದಿ ಲೂಸಿಫರ್ ಎಫೆಕ್ಟ್’ ಎಂಬ ಗ್ರಂಥವು ಚಿತ್ರಕ್ಕೆ ಆಧಾರಗಳಲ್ಲೊಂದು. ಎಂದರೆ ನಾವು ನೋಡುವುದು ಪ್ರಯೋಗವನ್ನು ನಡೆಸಿದವರು ನೆನಪಿಸಿಕೊಂಡ ಪ್ರಯೋಗವನ್ನು. ನ್ಯಾಯಾಲಯದಲ್ಲಿ ಒಂದೇ ಪಕ್ಷದ ಸಾಕ್ಷಿಯನ್ನು ಕೇಳಿ ತೀರ್ಪು ಕೊಡುವುದಿಲ್ಲ, ವಿಜ್ಞಾನದಲ್ಲಿಯೂ ಹಾಗೆಯೇ.

ಪೆಟ್ಟಿಗೆಗಳು ತೆರೆದಾಗ

ಚಿತ್ರ ಬಂದು ಮೂರು ವರ್ಷಗಳಾದ ಮೇಲೆ, ೨೦೧೮ರಲ್ಲಿ, ಫ್ರಾನ್ಸಿನ ಸಂಶೋಧಕ ತಿಬೋ ಲ ತೆಕ್ಸಿಯೆ ಒಂದು ಗ್ರಂಥವನ್ನು ಪ್ರಕಟಿಸಿದರು. ಸ್ಟ್ಯಾನ್‌ಫರ್ಡಿನ ದಾಖಲೆಗಳನ್ನೂ ಧ್ವನಿಮುದ್ರಣಗಳನ್ನೂ ಪರಿಶೀಲಿಸಿ, ಪ್ರಯೋಗದಲ್ಲಿ ಭಾಗವಹಿಸಿದ್ದವರನ್ನು ಕಂಡು ಮಾತನಾಡಿಸಿ ಅವರು ಬರೆದಿದ್ದರು. ೨೦೧೯ರಲ್ಲಿ ಅಮೆರಿಕದ ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಯೊಂದರಲ್ಲಿ ಅವರ ಲೇಖನವೂ ಬಂದಿತು. ಅದರಿಂದ ತಿಳಿದುಬಂದ ಸಂಗತಿಗಳಲ್ಲಿ ಮುಖ್ಯವಾದವು ಇವು.

ಮೊದಲನೆಯದಾಗಿ, ಕಾವಲುಗಾರರು ತಾವಾಗಿಯೇ ಕ್ರೌರ್ಯವನ್ನು ಕಂಡುಹಿಡಿದರೆಂಬ ಮಾತು ಪೂರ್ಣ ಸತ್ಯವಲ್ಲ. ಕೈದಿಗಳಲ್ಲಿ ಬೇಸರವನ್ನೂ ಭಯವನ್ನೂ ಅಸಹಾಯಕತೆಯನ್ನೂ ಹುಟ್ಟಿಸಬೇಕೆಂದು ಅವರಿಗೆ ಮೊದಲೇ ತಿಳಿಸಲಾಗಿತ್ತು. ವಾರ್ಡನ್ ಆಗಿದ್ದ ವಿದ್ಯಾರ್ಥಿಯು ಅದಕ್ಕೆ ಕೆಲವು ತಿಂಗಳ ಮುಂಚೆ ತನ್ನ ವಿದ್ಯಾರ್ಥಿನಿಲಯದಲ್ಲಿ ಇಂತಹುದೇ ಆಟದ ಸೆರೆಮನೆಯನ್ನು ನಡೆಸಿದ್ದನು. ಅಲ್ಲಿಯ ನಿಯಮಗಳಲ್ಲಿ ಅನೇಕವು ಇಲ್ಲಿಗೆ ಬಂದವು. ಎರಡನೆಯದಾಗಿ, ತಾವೂ ಪರೀಕ್ಷೆಗೆ ಒಳಪಟ್ಟವರೆಂಬುದು ಕಾವಲುಗಾರರಿಗೆ ತಿಳಿದಿರಲಿಲ್ಲ. ಪರೀಕ್ಷೆ ನಡೆಯುತ್ತಿರುವುದು ಕೈದಿಗಳ ಮೇಲೆ, ತಾವು ಪ್ರಾಧ್ಯಾಪಕರ ಸಹಾಯಕರು ಎಂದೇ ಅವರು ಎಣಿಸಿದ್ದರು. ಮೂರನೆಯದಾಗಿ, ಒಬ್ಬ ಕಾವಲುಗಾರನು ಮೃದುವಾಗಿದ್ದಾನೆಂದು ಕಂಡ ವಾರ್ಡನ್, ಅವನನ್ನು ಕರೆದು ಇನ್ನೂ ಬಿಗಿಯಾಗಿರಬೇಕೆಂದು ಒತ್ತಾಯಿಸಿದ ಮಾತುಕತೆ ಧ್ವನಿಮುದ್ರಣದಲ್ಲಿ ಉಳಿದಿದೆ. ಪ್ರಯೋಗದಿಂದ ಒಳ್ಳೆಯ ಫಲ ಬಂದರೆ ಸೆರೆಮನೆಗಳ ಸುಧಾರಣೆಗೆ ದಾರಿಯಾಗುವುದೆಂಬುದು ಆ ಒತ್ತಾಯದ ಧಾಟಿ.

ಇನ್ನೊಂದು ಸಂಗತಿ ಚಿತ್ರಗಳನ್ನು ನೋಡುವವರಿಗೆ ವಿಶೇಷ ಸ್ವಾರಸ್ಯವುಳ್ಳದ್ದು. ಎಲ್ಲರಿಗಿಂತ ಕ್ರೂರನೆನಿಸಿಕೊಂಡ ಕಾವಲುಗಾರನಿಗೆ ಮೊದಲೇ ನಾಟಕದ ಅಭ್ಯಾಸವಿತ್ತು. ೧೯೬೭ರಲ್ಲಿ ಬಂದ ‘ಕೂಲ್ ಹ್ಯಾಂಡ್ ಲ್ಯೂಕ್’ ಎಂಬ ಚಿತ್ರದ ಸೆರೆಮನೆ ಅಧಿಕಾರಿಯ ಪಾತ್ರವನ್ನು ಮಾದರಿಯಾಗಿಟ್ಟುಕೊಂಡು, ಅಮೆರಿಕದ ದಕ್ಷಿಣ ಸಂಸ್ಥಾನಗಳವರ ಧಾಟಿಯಲ್ಲಿ ಮಾತನಾಡುತ್ತ, ತಾನು ಬೇಕೆಂದೇ ಆ ವೇಷವನ್ನು ಕಟ್ಟಿದೆನೆಂದು ಅವನು ಮುಂದೆ ಹೇಳಿದನು. ಒಂದು ಸಿನಿಮಾ ಪಾತ್ರ ಪ್ರಯೋಗದೊಳಕ್ಕೆ ಬಂದಿತು. ಪ್ರಯೋಗ ಮತ್ತೆ ಸಿನಿಮಾ ಆಯಿತು. ಅದನ್ನು ನೋಡಿದ ನಾವು ಮಾನವ ಸ್ವಭಾವದ ದರ್ಶನವಾಯಿತೆಂದು ಮನೆಗೆ ಹಿಂದಿರುಗಿದೆವು! ಹಾಗೆಂದು ಕೈದಿಗಳು ಪಟ್ಟ ಸಂಕಟವು ಸುಳ್ಳಾಗುವುದಿಲ್ಲ. ವೇಷಧಾರಿಯ ದೊಣ್ಣೆಯೂ ದೊಣ್ಣೆಯೇ.

ಜಿಂಬಾರ್ಡೊ ಈ ಟೀಕೆಗಳನ್ನು ಒಪ್ಪಲಿಲ್ಲ. ಬಿಗಿಯಾಗಿರಿ ಎಂದು ಹೇಳಿದ ಮಾತ್ರಕ್ಕೆ ಕ್ರೂರರಾಗಿರಿ ಎಂದಂತಾಗಲಿಲ್ಲ, ನಿಜವಾದ ಸೆರೆಮನೆಯ ಕಾವಲುಗಾರರ ಮೇಲೆ ಇದಕ್ಕಿಂತ ಹೆಚ್ಚಿನ ಒತ್ತಡವಿರುತ್ತದೆ ಎಂಬುದು ಅವರ ಸಮಾಧಾನ. ೨೦೨೪ರಲ್ಲಿ ತಮ್ಮ ೯೧ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ನಿಲುವನ್ನು ಬಿಡಲಿಲ್ಲ.

ಪ್ರಯೋಗದ ಕೊರತೆಗಳು

ದಾಖಲೆಗಳ ಮಾತು ಹಾಗಿರಲಿ. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಕಲಿತ ನಿಯಮಗಳಿಂದಲೇ ಇದನ್ನು ಒರೆಗೆ ಹಚ್ಚಬಹುದು. ಗೊಬ್ಬರ ಹಾಕಿದ ಗಿಡ ಬೆಳೆಯಿತೆಂದು ಹೇಳಬೇಕಾದರೆ ಗೊಬ್ಬರ ಹಾಕದ ಗಿಡವೊಂದು ಪಕ್ಕದಲ್ಲಿರಬೇಕು. ಯಾವ ಸೂಚನೆಯನ್ನೂ ಪಡೆಯದ ಕಾವಲುಗಾರರ ಇನ್ನೊಂದು ಗುಂಪು ಸ್ಟ್ಯಾನ್‌ಫರ್ಡಿನಲ್ಲಿ ಇರಲಿಲ್ಲ. ಅಳೆಯುವವನು ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಒತ್ತಬಾರದು. ಇಲ್ಲಿ ಪ್ರಾಧ್ಯಾಪಕರೇ ಸೆರೆಮನೆಯ ಮುಖ್ಯಾಧಿಕಾರಿ. ಅಲ್ಲದೆ, ಬಂದ ಯುವಕರು ಎಂತಹವರು? ೨೦೦೭ರಲ್ಲಿ ಅಮೆರಿಕದ ವೆಸ್ಟರ್ನ್ ಕೆಂಟಕಿ ವಿಶ್ವವಿದ್ಯಾಲಯದ ಸಂಶೋಧಕರಿಬ್ಬರು ಎರಡು ಬಗೆಯ ಜಾಹೀರಾತು ಹಾಕಿ ನೋಡಿದರು. ಒಂದರಲ್ಲಿ “ಸೆರೆಮನೆಯ ಜೀವನ” ಎಂಬ ಮಾತಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಆ ಮಾತನ್ನು ನೋಡಿ ಬಂದವರಲ್ಲಿ ಆಕ್ರಮಣ ಸ್ವಭಾವವೂ ಅಧಿಕಾರದ ಒಲವೂ ಹೆಚ್ಚಾಗಿ, ಪರರ ನೋವಿಗೆ ಮರುಗುವ ಗುಣ ಕಡಮೆಯಾಗಿ ಕಂಡುಬಂದಿತು. ನಾಣ್ಯ ಚಿಮ್ಮಿ ಗುಂಪು ಮಾಡಿದರೇನು, ಬುಟ್ಟಿಗೆ ಬಿದ್ದ ಹಣ್ಣುಗಳೇ ಒಂದು ಬಗೆಯವಾಗಿದ್ದರೆ?

ಜಿಂಬಾರ್ಡೊ ಅವರ ವರದಿಯಲ್ಲಿಯೇ ಇನ್ನೊಂದು ಅಂಶ ಅಡಗಿದೆ. ಕ್ರೂರರಾದವರು ಕಾವಲುಗಾರರಲ್ಲಿ ಸುಮಾರು ಮೂರರಲ್ಲೊಂದು ಭಾಗ ಮಾತ್ರ. ಉಳಿದವರಲ್ಲಿ ಕೆಲವರು ಕಟ್ಟುನಿಟ್ಟಾಗಿಯೂ ನ್ಯಾಯವಾಗಿಯೂ ನಡೆದುಕೊಂಡರು; ಕೆಲವರು ಕೈದಿಗಳಿಗೆ ಸಣ್ಣಪುಟ್ಟ ಉಪಕಾರ ಮಾಡಿದರು. ಎಲ್ಲರಿಗೂ ಒಂದೇ ಖಾಕಿ, ಒಂದೇ ಕನ್ನಡಕ, ಒಂದೇ ದೊಣ್ಣೆ. ಬಟ್ಟೆಯೇ ಕಾರಣವಾಗಿದ್ದರೆ ಎಲ್ಲರೂ ಏಕೆ ಬದಲಾಗಲಿಲ್ಲ?

ಬ್ರಿಟನ್ನಿನ ಮನಶ್ಶಾಸ್ತ್ರಜ್ಞರಾದ ಅಲೆಕ್ಸ್ ಹ್ಯಾಸ್ಲಮ್ ಮತ್ತು ಸ್ಟೀಫನ್ ರೈಕರ್ ೨೦೦೧ರ ಡಿಸೆಂಬರಿನಲ್ಲಿ ಬಿ.ಬಿ.ಸಿ. ಸಂಸ್ಥೆಯ ನೆರವಿನಿಂದ ೧೫ ಮಂದಿಯನ್ನಿಟ್ಟುಕೊಂಡು ಇಂತಹುದೇ ಸೆರೆಮನೆಯನ್ನು ರಚಿಸಿದರು. ಈ ಸಲ ಸಂಶೋಧಕರು ಯಾವ ಪಾತ್ರವನ್ನೂ ವಹಿಸಲಿಲ್ಲ. ಹೀಗೆ ಇರಿ ಎಂದು ಕಾವಲುಗಾರರಿಗೆ ಬೋಧಿಸಲಿಲ್ಲ. ಯಾವಾಗ ಬೇಕಾದರೂ ನಿಲ್ಲಿಸುವ ಅಧಿಕಾರವುಳ್ಳ ಸ್ವತಂತ್ರ ಸಮಿತಿಯೊಂದು ನೋಡಿಕೊಳ್ಳುತ್ತಿತ್ತು. ಆಗ ಕಾವಲುಗಾರರು ಕ್ರೂರರಾಗಲಿಲ್ಲ. ಅಧಿಕಾರ ನಡೆಸಲು ಹಿಂಜರಿದು ಅವರಲ್ಲಿಯೇ ಒಡಕುಂಟಾಯಿತು. ಕೈದಿಗಳು ಒಗ್ಗೂಡಿ ವ್ಯವಸ್ಥೆಯನ್ನು ಮುರಿದರು, ಎಲ್ಲರೂ ಸಮಾನರಾಗಿರುವ ಒಂದು ಕೂಟವನ್ನು ಕಟ್ಟಿದರು. ಅದು ಕುಸಿಯತೊಡಗಿದಾಗ ಕೆಲವರು ಹಿಂದಿನದಕ್ಕಿಂತ ಕಠಿಣವಾದ ಆಳ್ವಿಕೆಯನ್ನು ತರಲು ಹೊಂಚಿದರು. ಎಂಟನೆಯ ದಿನ ಪ್ರಯೋಗ ನಿಂತಿತು. ಸುತ್ತಲೂ ಟೆಲಿವಿಷನ್ ಕ್ಯಾಮೆರಾಗಳಿದ್ದುವೆಂಬ ಆಕ್ಷೇಪ ಇದಕ್ಕೂ ಉಂಟು. ಆದರೂ ಒಂದು ಮಾತು ಸ್ಪಷ್ಟವಾಯಿತು. ಮನುಷ್ಯನು ಪಾತ್ರದೊಳಕ್ಕೆ ನೀರಿನಂತೆ ತಾನಾಗಿ ಹರಿಯುವುದಿಲ್ಲ. ಇದು ಒಳ್ಳೆಯ ಉದ್ದೇಶಕ್ಕಾಗಿ ಎಂದು ಯಾರೋ ನಂಬಿಸಬೇಕು, ಅವನು ಅದನ್ನು ನಂಬಬೇಕು, ತಡೆಯುವವರು ಸುಮ್ಮನಿರಬೇಕು.

ನಿಜವಾದ ಸೆರೆಮನೆ

ಇದು ಪಂಡಿತರ ಜಗಳ, ನಮಗೇನು ಎಂದು ವಾಚಕರು ಕೇಳಬಹುದು. ಇರಾಕಿನ ಅಬು ಘ್ರೈಬ್ ಸೆರೆಮನೆಯಲ್ಲಿ ಅಮೆರಿಕದ ಸಿಪಾಯಿಗಳು ಕೈದಿಗಳನ್ನು ಹಿಂಸಿಸಿದ ಚಿತ್ರಗಳು ೨೦೦೪ರಲ್ಲಿ ಹೊರಬಿದ್ದಾಗ, ಆರೋಪಿಯೊಬ್ಬನ ಪರವಾಗಿ ತಜ್ಞಸಾಕ್ಷಿಯಾಗಿ ನಿಂತವರು ಜಿಂಬಾರ್ಡೊ. ಅಲ್ಲಿಯ ಸನ್ನಿವೇಶವೇ ಅವನನ್ನು ಕೆಡಿಸಿತೆಂಬುದು ಅವರ ವಾದ. ನ್ಯಾಯಾಲಯವು ಅವನಿಗೆ ಎಂಟು ವರ್ಷಗಳ ಶಿಕ್ಷೆ ವಿಧಿಸಿತು. ಆರು ದಿನಗಳ ಪ್ರಯೋಗವೊಂದು ಹೀಗೆ ಮನುಷ್ಯನ ಹೊಣೆಗಾರಿಕೆಯನ್ನೇ ತೂಗುವ ತಕ್ಕಡಿಯಾಯಿತು.

ನಮ್ಮ ಬೆಂಗಳೂರಿನಲ್ಲಿಯೂ ನೆನೆಯಬೇಕಾದ ಸ್ಥಳವೊಂದಿದೆ. ಇಂದು ಫ್ರೀಡಂ ಪಾರ್ಕ್ ಎಂದು ಹೆಸರಾಗಿರುವ ಉದ್ಯಾನವು ಹಿಂದೆ ಕೇಂದ್ರ ಕಾರಾಗೃಹವಾಗಿತ್ತು. ೧೯೭೦ರ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬ರಲ್ಲಿ ಬಂಧಿಸಿ, ವಿಚಾರಣೆಯಿಲ್ಲದೆ ಅಲ್ಲಿ ಎಂಟು ತಿಂಗಳು ಇಟ್ಟಿದ್ದರು. ಅವರಿಗೆ ಉಬ್ಬಸರೋಗವಿತ್ತು. ಸೆರೆಯಲ್ಲಿ ಆರೋಗ್ಯ ತೀರ ಕೆಟ್ಟಿತು. ೧೯೭೭ರ ಜನವರಿ ೧೫ರಂದು ಪೆರೋಲಿನ ಮೇಲೆ ಬಿಟ್ಟರು. ಜನವರಿ ೨೦ರಂದು ಅವರು ತೀರಿಕೊಂಡರು. ನಿಜವಾದ ಸೆರೆಮನೆಯಲ್ಲಿ ಆರನೆಯ ದಿನ ಬಂದು ಆಟವನ್ನು ನಿಲ್ಲಿಸುವ ಪ್ರಾಧ್ಯಾಪಕರಿರುವುದಿಲ್ಲ. ಬಂಧನದ ಆಜ್ಞೆಗೆ ಒಬ್ಬರು ಸಹಿ ಮಾಡಿರುತ್ತಾರೆ, ಬಾಗಿಲಿಗೆ ಒಬ್ಬರು ಬೀಗ ಹಾಕಿರುತ್ತಾರೆ. ಎಲ್ಲವೂ ಸನ್ನಿವೇಶದ ತಪ್ಪೆಂದು ಒಮ್ಮೆ ಒಪ್ಪಿಕೊಂಡರೆ ಆ ಸಹಿಗೂ ಆ ಬೀಗಕ್ಕೂ ಕರ್ತೃವೇ ಇಲ್ಲದಂತಾಗುತ್ತದೆ.

ವಿದ್ಯಾರ್ಥಿಗಳಿಗೆ ಇದು ದೂರದ ಮಾತಲ್ಲ. ಹಾಸ್ಟೆಲುಗಳಲ್ಲಿ ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ನಡುರಾತ್ರಿಯಲ್ಲಿ ಎಬ್ಬಿಸಿ ಸಾಲಾಗಿ ನಿಲ್ಲಿಸುವುದೂ ಅವಮಾನ ಮಾಡುವುದೂ ಆ ನೆಲಮಾಳಿಗೆಯ ದೃಶ್ಯಕ್ಕೆ ಎಷ್ಟು ಹತ್ತಿರ! ೧೯೮೩ರ ಕರ್ನಾಟಕ ಶಿಕ್ಷಣ ಕಾಯಿದೆಯು ರ‍್ಯಾಗಿಂಗನ್ನು ಅಪರಾಧವೆಂದು ಎಣಿಸಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೦೯ರಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿತು. ಆದರೂ ಸಿಕ್ಕಿಬಿದ್ದವರು ಹೇಳುವುದು ಒಂದೇ: “ಎಲ್ಲರೂ ಮಾಡುತ್ತಿದ್ದರು, ನಾವೂ ಮಾಡಿದೆವು, ನಮಗೂ ಹೀಗೆಯೇ ಮಾಡಿದ್ದರು.” ಸ್ಟ್ಯಾನ್‌ಫರ್ಡಿನ ಕಥೆಯನ್ನು ಚಿತ್ರದಲ್ಲಿ ಕಂಡಷ್ಟಕ್ಕೇ ಬಿಟ್ಟರೆ ಈ ನೆಪಕ್ಕೆ ವಿಜ್ಞಾನದ ಮುದ್ರೆ ಬಿದ್ದಂತಾಗುತ್ತದೆ. ದಾಖಲೆಗಳನ್ನು ಓದಿದರೆ ಆ ಮುದ್ರೆ ಅಳಿಸಿಹೋಗುತ್ತದೆ.

ಹಾಗಾದರೆ ಸನ್ನಿವೇಶಕ್ಕೆ ಬಲವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಬಲವಿದೆ, ಆದುದರಿಂದಲೇ ನಿಯಮಗಳು ಬೇಕು. ಹಲಸೂರಿನ ಕವಾಯತಿನಲ್ಲಿ ಸಿಪಾಯಿಗೆ ಬಂದೂಕಿನೊಡನೆ ಶಿಸ್ತನ್ನೂ, ಮೇಲಧಿಕಾರಿಗೆ ಉತ್ತರ ಹೇಳುವ ಹೊಣೆಯನ್ನೂ ಕೊಡುತ್ತಾರೆ. ಸ್ಟ್ಯಾನ್‌ಫರ್ಡಿನ ಹುಡುಗರಿಗೆ ಕೊಟ್ಟದ್ದು ದೊಣ್ಣೆಯನ್ನು ಮಾತ್ರ. ಇಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೧೭ರ ಮಾರ್ಗಸೂಚಿಯಂತೆ, ಸಂಶೋಧನೆಗೆ ಒಪ್ಪಿ ಬಂದವನು ಯಾವ ಕಾರಣವನ್ನೂ ಕೊಡದೆ ಯಾವ ಕ್ಷಣದಲ್ಲಾದರೂ ಹೊರಹೋಗಬಹುದು. ಸ್ವತಂತ್ರವಾದ ನೀತಿಸಮಿತಿ ಮೊದಲೇ ಪರಿಶೀಲಿಸಿ ಒಪ್ಪಬೇಕು. ೮೬೧೨ ಎಂಬ ಯುವಕನು ಹೊರಹೋಗಬೇಕೆಂದು ಮೊದಲು ಕೇಳಿದಾಗ ಅವನನ್ನು ಬಿಡದೆ, ಗುಟ್ಟಾಗಿ ಸುದ್ದಿ ತಂದುಕೊಟ್ಟರೆ ಕಾವಲುಗಾರರ ಕಾಟ ತಪ್ಪಿಸುವುದಾಗಿ ಹೇಳಿ ಹಿಂದಕ್ಕೆ ಕಳುಹಿಸಿದ್ದರು. ಇಲ್ಲಿಂದ ಹೊರಹೋಗಲು ಬಿಡುವುದಿಲ್ಲವೆಂದು ಅವನು ಸಂಗಡಿಗರಿಗೆ ಹೇಳಿದನು. ಅಂದಿನಿಂದ ಆಟದ ಸೆರೆಮನೆ ನಿಜವಾದ ಸೆರೆಮನೆಯಾಯಿತು.

ಚಿತ್ರವನ್ನು ನೋಡಬೇಡಿ ಎಂದು ನಾವು ಹೇಳುವುದಿಲ್ಲ, ತಪ್ಪದೆ ನೋಡಿ. ನೋಡುವಾಗ ಗದ್ದಲ ಮಾಡುವ ಕಾವಲುಗಾರನ ಮೇಲೆಯೇ ಕಣ್ಣಿಡಬೇಡಿ. ಪಕ್ಕದಲ್ಲಿ ಸುಮ್ಮನೆ ನಿಂತವನನ್ನು ನೋಡಿ. ಬಾಗಿಲಾಚೆ ಕುಳಿತು ಬರೆದುಕೊಳ್ಳುತ್ತಿರುವವರನ್ನು ನೋಡಿ. ಕೊನೆಯಲ್ಲಿ ಒಳಗೆ ಬಂದು ಇದು ತಪ್ಪೆಂದ ತರುಣಿಯನ್ನು ನೋಡಿ. ಬಿಗಿಯಾಗಿರು ಎಂದು ವಾರ್ಡನ್ ಒತ್ತಾಯಿಸಿದ ಆ ಮೃದು ಸ್ವಭಾವದ ಕಾವಲುಗಾರನನ್ನೂ ನೆನೆಯಿರಿ. ಅವನೂ ತೊಟ್ಟಿದ್ದುದು ಅದೇ ಖಾಕಿ.